ಅಂಡಾಶಯದ ಚಿತ್ರ ಬೇರೆ, ಕಾಯಿಲೆ ಬೇರೆ

ಮೂಡಿಗೆರೆ, ಬಣಕಲ್, ಕಳಸದ ಸುತ್ತಿನ ತೋಟದ ಮನೆಗಳಲ್ಲಿ, ಲೈನ್ ಮನೆಗಳಲ್ಲಿ, ಕಾಲೇಜು ಹುಡುಗಿಯರ ಹಾಸ್ಟೆಲ್ಲುಗಳಲ್ಲಿ ಇತ್ತೀಚೆಗೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಅವಳಿಗೆ ಪಿಸಿಓಡಿ ಅಂತೆ.’ ಹೇಳುವವರು ದನಿ ತಗ್ಗಿಸಿ ಹೇಳುತ್ತಾರೆ. ಕೇಳಿದವರು ಆ ಹುಡುಗಿಗೆ ಮದುವೆ ಹೇಗೆ, ಮಕ್ಕಳು ಹೇಗೆ ಎಂದು ಲೆಕ್ಕ ಹಾಕತೊಡಗುತ್ತಾರೆ. ಬಹಳ ಸಲ ಈ ಎಲ್ಲ ಆತಂಕದ ಬುಡದಲ್ಲಿ ಇರುವುದು ಒಂದೇ ಒಂದು ಕಾಗದ, ಹೊಟ್ಟೆಯ ಸ್ಕ್ಯಾನಿನ ವರದಿ. ಅದರಲ್ಲಿ ‘ಎರಡೂ ಕಡೆ ಪಾಲಿಸಿಸ್ಟಿಕ್ ಓವರಿ’ ಎಂದು ಬರೆದಿರುತ್ತದೆ.

ಜಾವಳಿಯಂಥ ಊರಿನಿಂದ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು, ಮಗಳನ್ನು ಕರೆದುಕೊಂಡು ಬರುವ ತಾಯಿಯೊಡನೆ ವೈದ್ಯರು ಆಡುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

‘ಡಾಕ್ಟ್ರೇ, ಇವ್ಳಿಗೆ ಪಿಸಿಓಡಿ ಅಂತ ಬರ್ದಿದಾರೆ. ಮುಂದೆ ಮಕ್ಳಾಗ್ತಾವಾ?’

‘ಇವಳು ದೊಡ್ಡವಳಾಗಿ ಎಷ್ಟು ವರ್ಷ ಆಯ್ತಮ್ಮಾ?’

‘ನಾಕು ವರ್ಷ ಆಗಿರ್ಬೇಕು.’

‘ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗ್ತಿದೆ?’

‘ತಿಂಗ್ಳಿಗೆ ಸರಿಯಾಗಿ ಆಗ್ತದೆ. ಒಂದೆರಡು ದಿನ ಆಚೀಚೆ.’

‘ಮತ್ತೆ ಸ್ಕ್ಯಾನ್ ಯಾಕೆ ಮಾಡ್ಸಿದ್ರಿ?’

‘ಹೊಟ್ಟೆನೋವು ಅಂದ್ಲು, ಅದಕ್ಕೆ.’

ಈ ಹುಡುಗಿಗೆ, ಜನ ಪಿಸಿಓಡಿ ಎನ್ನುವ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಕಾಯಿಲೆ ಇದೆ ಎನ್ನಲು ಯಾವ ಆಧಾರವೂ ಇಲ್ಲ. ಅವಳ ಅಂಡಾಶಯ ಸ್ಕ್ಯಾನಿನಲ್ಲಿ ಒಂದು ಬಗೆಯಲ್ಲಿ ಕಂಡಿದೆ, ಅಷ್ಟೆ. ಅಂಡಾಶಯ ಹಾಗೆ ಕಾಣುವುದು ಬೇರೆ, ಕಾಯಿಲೆ ಇರುವುದು ಬೇರೆ. ಇವತ್ತು ನಾನು ನಿಮಗೆ ಹೇಳಬೇಕೆಂದಿರುವುದು ಇದನ್ನೇ.

ಮೊದಲು ಅಂಡಾಶಯದ ಕೆಲಸವನ್ನು ನೋಡೋಣ. ಹೆಣ್ಣುಮಗು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಒಂದೊಂದು ಅಂಡಾಣುವೂ ಫಾಲಿಕಲ್ ಎನ್ನುವ ಪುಟ್ಟ ಚೀಲದೊಳಗೆ ಇರುತ್ತದೆ. ಪ್ರತಿ ತಿಂಗಳೂ ಇಂಥ ಹಲವು ಚೀಲಗಳು ನೀರು ತುಂಬಿಕೊಂಡು ಬೆಳೆಯಲು ಹೊರಡುತ್ತವೆ. ಅವುಗಳಲ್ಲಿ ಒಂದು ಮಾತ್ರ ಮುಂದಾಗಿ, ಸುಮಾರು 20 ಮಿಲಿಮೀಟರಿನಷ್ಟು ಬೆಳೆದು, ಒಡೆದು ಅಂಡಾಣುವನ್ನು ಹೊರಬಿಡುತ್ತದೆ. ಆ ತಿಂಗಳು ಗರ್ಭ ನಿಲ್ಲದಿದ್ದರೆ ಎರಡು ವಾರದ ಹೊತ್ತಿಗೆ ಮುಟ್ಟಾಗುತ್ತದೆ.

ಕೆಲವರ ಅಂಡಾಶಯದಲ್ಲಿ 2ರಿಂದ 9 ಮಿಲಿಮೀಟರಿನ ಚಿಕ್ಕ ಚೀಲಗಳು ಬೇರೆಯವರಿಗಿಂತ ಹೆಚ್ಚಾಗಿ ಕಾಣುತ್ತವೆ. ಅಂಥ ಅಂಡಾಶಯಕ್ಕೆ ಪಾಲಿಸಿಸ್ಟಿಕ್ ಓವರಿ ಎನ್ನುತ್ತಾರೆ. ಹೆಸರು ಕೇಳಿ ಗಡ್ಡೆ ಬೆಳೆದಿದೆ ಎಂದು ಹೆದರಬೇಡಿ. ಇವು ಗಡ್ಡೆಗಳಲ್ಲ, ಕ್ಯಾನ್ಸರೂ ಅಲ್ಲ, ಇವನ್ನು ಕತ್ತರಿಸಿ ತೆಗೆಯಬೇಕಾಗಿಯೂ ಇಲ್ಲ. ಅಂಡಾಣುವನ್ನು ಹೊತ್ತ, ಬೆಳವಣಿಗೆಯ ಒಂದು ಹಂತದಲ್ಲಿರುವ ಚೀಲಗಳು ಇವು. ಕಾಫಿ ಬೆಳೆಯುವ ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಕೊಂಬೆಯ ಗೆಣ್ಣುಗೆಣ್ಣಿನಲ್ಲೂ ಮೊಗ್ಗು ಕಟ್ಟಿ ಹೂಮಳೆಗೆ ಕಾಯುತ್ತದೆ. ಮಳೆ ಬಿದ್ದರೆ ಅರಳುತ್ತದೆ, ಬೀಳದಿದ್ದರೆ ಹಾಗೇ ಉಳಿಯುತ್ತದೆ. ಗಿಡದಲ್ಲಿ ಮೊಗ್ಗು ಜಾಸ್ತಿ ಇದೆ ಎಂಬುದು ರೋಗವಲ್ಲ. ಹೂವಾಯಿತೇ ಇಲ್ಲವೇ, ಆಗದಿದ್ದರೆ ಏಕೆ ಎಂಬುದನ್ನು ಬೆಳೆಗಾರ ನೋಡುತ್ತಾನೆ. ವೈದ್ಯರೂ ನೋಡಬೇಕಾದದ್ದು ಅದನ್ನೇ.

ಚಿತ್ರಕ್ಕೂ ಕಾಯಿಲೆಗೂ ಗಂಟು ಬಿದ್ದದ್ದಕ್ಕೆ ಒಂದು ಚರಿತ್ರೆಯಿದೆ. 1935ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಏಳು ಮಂದಿ ಹೆಂಗಸರ ಬಗ್ಗೆ ಬರೆದರು. ಅವರಿಗೆ ಮುಟ್ಟು ನಿಂತಿತ್ತು ಇಲ್ಲವೇ ಏರುಪೇರಾಗಿತ್ತು, ಅಂಡಾಶಯಗಳು ದಪ್ಪಗಾಗಿ ಚಿಕ್ಕ ಚೀಲಗಳಿಂದ ತುಂಬಿದ್ದವು. ಕೆಲವರಿಗೆ ಗಂಡಸರಂತೆ ಕೂದಲೂ ಬೆಳೆದಿತ್ತು. ಆಗ ಅಂಡಾಶಯವನ್ನು ಕಣ್ಣಾರೆ ನೋಡಬೇಕಾದರೆ ಹೊಟ್ಟೆ ಕೊಯ್ಯಬೇಕಿತ್ತು, ಕೊಯ್ಯುತ್ತಿದ್ದದ್ದು ಕಾಯಿಲೆಯವರ ಹೊಟ್ಟೆಯನ್ನು ಮಾತ್ರ. ಹೀಗಾಗಿ ಆ ಬಗೆಯ ಅಂಡಾಶಯ ಕಂಡರೆ ಕಾಯಿಲೆ ಇದೆ ಎಂಬ ಭಾವನೆ ಬೇರೂರಿತು. ಆರೋಗ್ಯವಂತ ಹೆಣ್ಣುಮಕ್ಕಳ ಅಂಡಾಶಯ ಹೇಗಿರುತ್ತದೆ ಎಂದು ನೋಡಿದವರೇ ಕಡಿಮೆ.

ಅಲ್ಟ್ರಾಸೌಂಡ್ ಸ್ಕ್ಯಾನ್ ಬಂದ ಮೇಲೆ ಅದು ಸಾಧ್ಯವಾಯಿತು. 1988ರಲ್ಲಿ ಲಂಡನ್ನಿನ ವೈದ್ಯರು, ತಮಗೆ ಏನೂ ತೊಂದರೆಯಿಲ್ಲ ಎಂದುಕೊಂಡಿದ್ದ 257 ಹೆಂಗಸರನ್ನು ಸ್ಕ್ಯಾನ್ ಮಾಡಿ ನೋಡಿದರು. ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಪಾಲಿಸಿಸ್ಟಿಕ್ ಅಂಡಾಶಯ ಇತ್ತು. ಅವರಲ್ಲಿ ಹಲವರಿಗೆ ಮುಟ್ಟು ಏರುಪೇರಾಗುತ್ತಿತ್ತು, ಅದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉಳಿದವರಿಗೆ ತಿಂಗಳು ತಿಂಗಳಿಗೆ ಕ್ರಮವಾಗಿಯೇ ಮುಟ್ಟಾಗುತ್ತಿತ್ತು. ಒಂದೇ ಬಗೆಯ ಚಿತ್ರ, ಹಿಂದಿರುವ ಹೆಣ್ಣುಮಕ್ಕಳ ಸ್ಥಿತಿ ಬೇರೆ ಬೇರೆ. ಯಂತ್ರಗಳು ಸೂಕ್ಷ್ಮವಾದಂತೆ ಇನ್ನಷ್ಟು ಚಿಕ್ಕ ಚೀಲಗಳು ಕಣ್ಣಿಗೆ ಬೀಳತೊಡಗಿದವು. 2003ರಲ್ಲಿ ಒಂದು ಅಂಡಾಶಯದಲ್ಲಿ 12 ಚೀಲ ಇದ್ದರೆ ಪಾಲಿಸಿಸ್ಟಿಕ್ ಎನ್ನುತ್ತಿದ್ದರು. ಈ ಕಾಯಿಲೆಯ ಬಗೆಗಿನ 2018ರ ಅಂತರರಾಷ್ಟ್ರೀಯ ಮಾರ್ಗದರ್ಶಿ ಅದನ್ನು 20ಕ್ಕೆ ಏರಿಸಿತು. ಹಾಗಾದರೆ ಹಳೆಯ ಅಳತೆಯಲ್ಲಿ ವರದಿ ಪಡೆದ ಎಷ್ಟೋ ಹುಡುಗಿಯರ ಅಂಡಾಶಯವನ್ನು ಹೊಸ ಅಳತೆಯಲ್ಲಿ ಪಾಲಿಸಿಸ್ಟಿಕ್ ಎಂದು ಕರೆಯುವಂತೆಯೂ ಇಲ್ಲ. ಇನ್ನೂ ಒಂದು ವಿಷಯವಿದೆ. ಮದುವೆಯಾಗದ ಹುಡುಗಿಯರಿಗೆ ನಮ್ಮಲ್ಲಿ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ. ಹಾಗೆ ಮಾಡಿದಾಗ ಚೀಲಗಳ ಎಣಿಕೆ ನಂಬುವಂತಿರುವುದಿಲ್ಲ. ಅಂಡಾಶಯದ ಗಾತ್ರ 10 ಮಿಲಿಲೀಟರ್ ಇದೆಯೇ, ಅದಕ್ಕಿಂತ ದೊಡ್ಡದೇ ಎಂದು ಮುಖ್ಯವಾಗಿ ನೋಡಬೇಕು.

ಹಾಗಾದರೆ ಕಾಯಿಲೆ ಯಾವುದು? ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್, ಇಡೀ ದೇಹದ ಹಾರ್ಮೋನುಗಳ ತೊಂದರೆ. 2003ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಅದಕ್ಕೆ ಮೂರು ಗುರುತುಗಳನ್ನು ಹೇಳಿದರು. ಒಂದು, ಅಂಡ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ತಪ್ಪುವುದು ಅಥವಾ ತೀರ ತಡವಾಗುವುದು. ಎರಡು, ಗಂಡು ಹಾರ್ಮೋನು ಎಂದು ಕರೆಯುವ ಆಂಡ್ರೋಜನ್ ಹೆಚ್ಚಾಗಿರುವುದು. ಮೂರು, ಸ್ಕ್ಯಾನಿನಲ್ಲಿ ಪಾಲಿಸಿಸ್ಟಿಕ್ ಅಂಡಾಶಯ. ಈ ಮೂರರಲ್ಲಿ ಎರಡಾದರೂ ಇರಬೇಕು, ಜೊತೆಗೆ ಅದೇ ಲಕ್ಷಣ ತೋರುವ ಬೇರೆ ಕಾಯಿಲೆಗಳು ಇಲ್ಲವೆಂದು ಖಾತ್ರಿಯಾಗಬೇಕು. ಇದರಿಂದ ಎರಡು ಮಾತು ಹೊರಡುತ್ತವೆ. ಸ್ಕ್ಯಾನಿನ ಚಿತ್ರ ಒಂದೇ ಇದ್ದರೆ ಅದು ಸಿಂಡ್ರೋಮ್ ಅಲ್ಲ. ಮುಟ್ಟಿನ ಏರುಪೇರು, ಆಂಡ್ರೋಜನ್ ಹೆಚ್ಚಳ ಎರಡೂ ಇದ್ದರೆ ಸ್ಕ್ಯಾನ್ ಸರಿಯಾಗಿದ್ದರೂ, ಸ್ಕ್ಯಾನ್ ಮಾಡಿಸದೆಯೇ ಇದ್ದರೂ ಅದು ಸಿಂಡ್ರೋಮ್.

ಅಳತೆ ಬದಲಾದರೆ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ದೊಡ್ಡ ನಿದರ್ಶನವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶದ 10 ಕೇಂದ್ರಗಳಲ್ಲಿ ಸಂಶೋಧಕರು 9,824 ಹೆಂಗಸರನ್ನು ಅಧ್ಯಯನಕ್ಕೆ ಒಳಪಡಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಎಲ್ಲರೂ 18ರಿಂದ 40 ವರ್ಷದವರು. ಸ್ಕ್ಯಾನನ್ನು ಲೆಕ್ಕಕ್ಕೇ ತೆಗೆದುಕೊಳ್ಳದ 1990ರ ಅಳತೆಯಲ್ಲಿ ನೂರಕ್ಕೆ 7.2 ಮಂದಿಗೆ ಸಿಂಡ್ರೋಮ್ ಇತ್ತು. ಸ್ಕ್ಯಾನನ್ನೂ ಸೇರಿಸಿದ 2003ರ ಅಳತೆಯಲ್ಲಿ ಅದು 19.6ಕ್ಕೆ ಏರಿತು. ಪರೀಕ್ಷೆಗೆ ಒಳಗಾದವರು ಅವರೇ. ಸ್ಕ್ಯಾನಿನ ಚಿತ್ರಕ್ಕೆ ಕೊಟ್ಟ ಬೆಲೆ ಬೇರೆಯಾದದ್ದರಿಂದ ರೋಗಿಗಳ ಸಂಖ್ಯೆ ಎರಡೂವರೆ ಪಟ್ಟು ದಾಟಿತು. ಚಿತ್ರವನ್ನು ಓದುವಾಗ ಎಷ್ಟು ಎಚ್ಚರ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಹರೆಯದ ಹುಡುಗಿಯರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮೈನೆರೆದ ಹೊಸದರಲ್ಲಿ ಅಂಡಾಶಯದಲ್ಲಿ ತುಂಬ ಚೀಲಗಳು ಕಾಣುವುದು ಸಹಜ. ಅದಕ್ಕಾಗಿಯೇ ಮೈನೆರೆದು ಎಂಟು ವರ್ಷ ಕಳೆಯುವವರೆಗೆ ಪಿಸಿಓಎಸ್ ಪತ್ತೆಗೆ ಸ್ಕ್ಯಾನನ್ನು ಆಧಾರ ಮಾಡಿಕೊಳ್ಳಬಾರದು ಎಂದು ಅಂತರರಾಷ್ಟ್ರೀಯ ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುತ್ತದೆ. ಹದಿಮೂರಕ್ಕೆ ದೊಡ್ಡವಳಾದ ಹುಡುಗಿಗೆ ಇಪ್ಪತ್ತೊಂದು ತುಂಬುವವರೆಗೆ ಈ ಕಾರಣಕ್ಕೆ ಸ್ಕ್ಯಾನ್ ಬೇಡ. ಆ ವಯಸ್ಸಿನಲ್ಲಿ ಮುಟ್ಟಿನ ಲೆಕ್ಕಕ್ಕೂ ತಾಳ್ಮೆ ಬೇಕು. ಮೊದಲ ವರ್ಷ ಏರುಪೇರಾಗುವುದು ಸಾಮಾನ್ಯ. ಆಮೇಲೆ ಮೂರು ವರ್ಷದವರೆಗೆ 21ರಿಂದ 45 ದಿನದೊಳಗೆ ಆದರೆ ಸರಿ. ಮೂರು ವರ್ಷ ಕಳೆದ ಮೇಲೆ 21ರಿಂದ 35 ದಿನದೊಳಗೆ ಆಗಬೇಕು, ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆ ಆಗಬಾರದು. ಮೊದಲ ವರ್ಷ ಕಳೆದ ಮೇಲೆ ಯಾವಾಗಲಾದರೂ 90 ದಿನ ಮೀರಿ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಿ. 15 ವರ್ಷ ತುಂಬಿದರೂ ಮೈನೆರೆಯದಿದ್ದರೂ ತೋರಿಸಿ.

ಆಂಡ್ರೋಜನ್ ಹೆಚ್ಚಾಗಿದೆ ಎಂದು ತಿಳಿಯುವುದು ಹೇಗೆ? ಮೇಲ್ದುಟಿ, ಗಲ್ಲ, ಎದೆಯ ನಡುವೆ, ಹೊಕ್ಕುಳ ಕೆಳಗೆ ಗಡುಸಾದ ಕಪ್ಪು ಕೂದಲು ಬರುತ್ತದೆ. ಮುಖದ ಮೊಡವೆ ತೀವ್ರವಾಗಿ, ಹರೆಯ ಕಳೆದರೂ ಉಳಿಯುತ್ತದೆ. ನೆತ್ತಿಯ ಕೂದಲು ತೆಳ್ಳಗಾಗುತ್ತದೆ. ಕೈಕಾಲಿನ ಮೇಲಿನ ನವಿರಾದ ಕೂದಲು ಇದಕ್ಕೆ ಸೇರಿದ್ದಲ್ಲ, ಅದು ಮನೆತನದಿಂದ ಬರುವಂಥದ್ದು. ಬೇಕಾದಲ್ಲಿ ರಕ್ತದಲ್ಲಿ ಟೆಸ್ಟೋಸ್ಟಿರಾನ್ ನೋಡುತ್ತಾರೆ. ಕೆಲವೇ ತಿಂಗಳಲ್ಲಿ ಗಡ್ಡದಂತೆ ಕೂದಲು ಬಂದು ಧ್ವನಿಯೂ ಗಡುಸಾಯಿತೆಂದರೆ ಅದು ಬೇರೆಯೇ ತೊಂದರೆಯ ಸೂಚನೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಪಿಸಿಓಎಸ್ ಎಂದು ಹೇಳುವ ಮೊದಲು ತಳ್ಳಿಹಾಕಬೇಕಾದ ಕಾಯಿಲೆಗಳಲ್ಲಿ ನಮ್ಮ ಜಿಲ್ಲೆಗೆ ಮುಖ್ಯವಾದದ್ದು ಥೈರಾಯ್ಡ್ ತೊಂದರೆ. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳು ಅಯೋಡಿನ್ ಕೊರತೆಯ ಗಳಗಂಡಕ್ಕೆ ಹಿಂದಿನಿಂದಲೂ ಹೆಸರಾದವು. ಥೈರಾಯ್ಡ್ ಸೋತರೆ ಮುಟ್ಟು ಏರುಪೇರಾಗುತ್ತದೆ, ಅಂಡಾಶಯದಲ್ಲಿ ಚೀಲಗಳೂ ಕಾಣಬಹುದು. ಥೈರಾಯ್ಡಿಗೆ ಮಾತ್ರೆ ಕೊಟ್ಟರೆ ಅವು ಸಾಮಾನ್ಯವಾಗಿ ಸರಿಹೋಗುತ್ತವೆ. ಟಿಎಸ್‌ಎಚ್ ಎಂಬ ರಕ್ತಪರೀಕ್ಷೆಯೊಂದನ್ನು ಮಾಡಿಸದೆ ಪಿಸಿಓಎಸ್ ಎಂಬ ಹೆಸರನ್ನು ಒಪ್ಪಬೇಡಿ. ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ನೋಡಬೇಕಾಗುತ್ತದೆ. ಮದುವೆಯಾದವರಲ್ಲಿ ಗರ್ಭ ನಿಂತಿದೆಯೇ ಎಂಬ ಪರೀಕ್ಷೆ ಎಲ್ಲಕ್ಕಿಂತ ಮೊದಲು.

ಇನ್ನೊಂದು ಬಗೆಯ ಹುಡುಗಿಯರಿದ್ದಾರೆ, ಅವರ ಬಗ್ಗೆ ನನಗೆ ಹೆಚ್ಚು ಕಳವಳ. ತೆಳ್ಳಗಿರುತ್ತಾರೆ. ಬೆಳಗಿನ ಬಸ್ಸು ತಪ್ಪುತ್ತದೆಂದು ಬರೀ ಕಾಫಿ ಕುಡಿದು ಕಾಲೇಜಿಗೆ ಓಡುತ್ತಾರೆ, ಪರೀಕ್ಷೆಯ ಒತ್ತಡದಲ್ಲಿ ಊಟ ಬಿಡುತ್ತಾರೆ. ದೇಹಕ್ಕೆ ಸಾಕಷ್ಟು ಆಹಾರ ಸಿಗದಿದ್ದರೆ ಮಿದುಳು ಮುಟ್ಟನ್ನು ನಿಲ್ಲಿಸಿಬಿಡುತ್ತದೆ. ಇಂಥವರಲ್ಲೂ ಬಹಳ ಮಂದಿಗೆ ಸ್ಕ್ಯಾನಿನಲ್ಲಿ ಪಾಲಿಸಿಸ್ಟಿಕ್ ಅಂಡಾಶಯ ಕಾಣುತ್ತದೆ. ವರದಿ ನೋಡಿ ‘ಪಿಸಿಓಡಿ, ಊಟ ಕಡಿಮೆ ಮಾಡು, ತೂಕ ಇಳಿಸು’ ಎಂದುಬಿಟ್ಟರೆ ಆ ಹುಡುಗಿಗೆ ಅನ್ಯಾಯವಾಗುತ್ತದೆ. ಅವಳಿಗೆ ಬೇಕಾದದ್ದು ಹೊಟ್ಟೆತುಂಬ ಊಟ, ನಿದ್ದೆ. ಹೀಗೆ ಬಹುಕಾಲ ಮುಟ್ಟು ನಿಂತರೆ ಮೂಳೆಗಳೂ ಸೊರಗುತ್ತವೆ.

ಇಷ್ಟೆಲ್ಲ ಹೇಳಿದೆನೆಂದು ಪಿಸಿಓಎಸ್ ಹಗುರವಾದ ಕಾಯಿಲೆ ಎಂದುಕೊಳ್ಳಬೇಡಿ. ಅದು ಇದ್ದೂ ಗೊತ್ತಿಲ್ಲದವರು ಬಹಳ. ಜಗತ್ತಿನಲ್ಲಿ ಈ ಕಾಯಿಲೆ ಇರುವವರಲ್ಲಿ ನೂರಕ್ಕೆ ಎಪ್ಪತ್ತರವರೆಗೂ ಪತ್ತೆಯಾಗದೆ ಉಳಿದಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಅವರು ಯಾರು? ಮೂರು ನಾಲ್ಕು ತಿಂಗಳಿಗೊಮ್ಮೆ ಮುಟ್ಟಾದರೂ ‘ಕೊಯ್ಲಿನ ಕಾಲದಲ್ಲಿ ಆಗದಿದ್ದರೆ ಒಳ್ಳೆಯದೇ ಆಯಿತು’ ಎಂದು ಸುಮ್ಮನಿರುವ ಹೆಂಗಸು. ಗಲ್ಲದ ಕೂದಲನ್ನು ಯಾರಿಗೂ ಕಾಣದಂತೆ ಕಿತ್ತುಕೊಳ್ಳುವ ಸೊಸೆ. ಇವರ ಕೈಯಲ್ಲಿ ಯಾವ ವರದಿಯೂ ಇಲ್ಲ, ಕಾಯಿಲೆ ಮಾತ್ರ ಇದೆ. ವರದಿ ಹಿಡಿದು ಅಳುವ ಹುಡುಗಿಗೆ ಕಾಯಿಲೆ ಇಲ್ಲದಿರಬಹುದು, ಅಳದೆ ಕೆಲಸಕ್ಕೆ ಹೋಗುವ ಇವರಿಗೆ ಇರಬಹುದು.

ಈ ಕಾಯಿಲೆಯಲ್ಲಿ ಬಹುಪಾಲು ಮಂದಿಯ ದೇಹ ಇನ್ಸುಲಿನ್ನಿನ ಮಾತಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದಕ್ಕಾಗಿ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ ಅಂಡಾಶಯದಿಂದ ಆಂಡ್ರೋಜನ್ ಹೊರಡಿಸುತ್ತದೆ, ಆಂಡ್ರೋಜನ್ ಫಾಲಿಕಲ್ಲಿನ ಬೆಳವಣಿಗೆಗೆ ಅಡ್ಡಬರುತ್ತದೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುವುದು ಇದರ ಹೊರಗಿನ ಗುರುತು. ಅದು ಕೊಳೆ ಅಲ್ಲ, ಮಕ್ಕಳನ್ನು ಬೈದು ತಿಕ್ಕಬೇಡಿ. ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಸಿರಿನಲ್ಲಿ ಸಕ್ಕರೆ ಏರುವುದು ಇವರಿಗೆ ಹೆಚ್ಚು. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಬರುವ ಸಂಭವ ಏರುತ್ತದೆ. ಆದ್ದರಿಂದಲೇ ಮೂರು ತಿಂಗಳಿಗೊಮ್ಮೆಯಾದರೂ ಮುಟ್ಟಾಗುವಂತೆ ವೈದ್ಯರು ಮಾತ್ರೆ ಕೊಡುತ್ತಾರೆ. ಬೇಸರ, ಖಿನ್ನತೆಯೂ ಇವರನ್ನು ಹೆಚ್ಚು ಕಾಡುತ್ತವೆ. ಸುಮ್ಮನೆ ಪಾಲಿಸಿಸ್ಟಿಕ್ ಅಂಡಾಶಯ ಮಾತ್ರ ಇದ್ದು, ಮುಟ್ಟು ಕ್ರಮವಾಗಿರುವವರಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ. ಅವರಿಗೆ ಔಷಧಿಯೂ ಬೇಡ, ಪಥ್ಯವೂ ಬೇಡ.

ಪಿಸಿಓಎಸ್ ಇರುವವರಿಗೆ ಏನು ಚಿಕಿತ್ಸೆ? ತೂಕ ಹೆಚ್ಚಿದ್ದರೆ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಎಷ್ಟೋ ಮಂದಿಗೆ ಮುಟ್ಟು ಹಾದಿಗೆ ಬರುತ್ತದೆ. ಇದಕ್ಕೆಂದೇ ವಿಶೇಷವಾದ ಊಟ ಯಾವುದೂ ಇಲ್ಲ. ಅಕ್ಕಿರೊಟ್ಟಿ, ಕಡುಬನ್ನು ಬಿಡಬೇಕಿಲ್ಲ. ಎರಡು ತಿನ್ನುವಲ್ಲಿ ಒಂದು ತಿಂದು, ಜೊತೆಗೆ ಕಾಳಿನ ಪಲ್ಯ, ಸೊಪ್ಪು, ಮೊಟ್ಟೆ, ಮೀನು ಹೆಚ್ಚಿಸಿಕೊಳ್ಳಿ. ದಿನಕ್ಕೆ ನಾಲ್ಕೈದು ಸಲ ಕುಡಿಯುವ ಕಾಫಿಯ ಸಕ್ಕರೆ, ಬೇಕರಿ ತಿಂಡಿ ಕಡಿಮೆ ಮಾಡಿ. ದಿನವಿಡೀ ತೋಟದಲ್ಲಿ ದುಡಿಯುವವಳಿಗೆ ‘ವಾಕಿಂಗ್ ಮಾಡು’ ಎನ್ನುವುದರಲ್ಲಿ ಅರ್ಥವಿಲ್ಲ, ಕೂತು ಓದುವ, ಕೂತು ಕೆಲಸ ಮಾಡುವ ಹುಡುಗಿಗೆ ಅದು ಬೇಕು. ಮುಟ್ಟನ್ನು ಕ್ರಮಕ್ಕೆ ತರಲು, ಕೂದಲು ಮೊಡವೆ ತಗ್ಗಿಸಲು ಹಾರ್ಮೋನಿನ ಮಾತ್ರೆಗಳಿವೆ. ಇನ್ಸುಲಿನ್ ತೊಂದರೆಗೆ ಮೆಟ್‌ಫಾರ್ಮಿನ್ ಇದೆ. ಮಗು ಬೇಕೆನ್ನುವವರಿಗೆ ಅಂಡ ಬಿಡುಗಡೆ ಮಾಡಿಸುವ ಲೆಟ್ರೊಜೋಲ್ ಮಾತ್ರೆ ಮೊದಲ ಆಯ್ಕೆ. ಪಿಸಿಓಎಸ್ ಇರುವ ಬಹುಪಾಲು ಹೆಂಗಸರು ತಾಯಂದಿರಾಗುತ್ತಾರೆ. ಕೆಲವರಿಗೆ ತಡವಾಗುತ್ತದೆ, ಕೆಲವರಿಗೆ ಔಷಧಿಯ ಸಹಾಯ ಬೇಕಾಗುತ್ತದೆ. ‘ಮಕ್ಕಳಾಗುವುದಿಲ್ಲ’ ಎಂಬ ಮಾತು ಸುಳ್ಳು. ಆ ಮಾತನ್ನು ಹರಡಿ ಹುಡುಗಿಯ ಸಂಬಂಧ ತಪ್ಪಿಸುವುದು ಪಾಪದ ಕೆಲಸ. ಹಾಗೆಯೇ ಮೊಬೈಲಿನಲ್ಲಿ ಬರುವ ಪುಡಿ, ಕಷಾಯಗಳ ಜಾಹೀರಾತು ನಂಬಿ ಹಣ ಸುರಿಯಬೇಡಿ.

ಕೊನೆಗೆ ನಿಮ್ಮಲ್ಲಿ ಕೆಲವು ಕೋರಿಕೆಗಳು. ತಾಯಂದಿರೇ, ಮಗಳ ಮುಟ್ಟಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವಳೇ ಗುರುತು ಹಾಕುವಂತೆ ಮಾಡಿ. ವೈದ್ಯರ ಬಳಿ ಹೋಗುವಾಗ ಆ ಕ್ಯಾಲೆಂಡರನ್ನು ಜೊತೆಗೆ ಒಯ್ಯಿರಿ, ಸ್ಕ್ಯಾನಿನ ವರದಿಗಿಂತ ಅದು ಹೆಚ್ಚು ಹೇಳುತ್ತದೆ. ಹುಡುಗಿಯರೇ, ಸರ್ಕಾರಿ ಆಸ್ಪತ್ರೆಗಳಲ್ಲಿ ಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್ ಇದೆ, ಅಲ್ಲಿ ಹಣ ಕೇಳುವುದಿಲ್ಲ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮನಸ್ಸು ಕುಗ್ಗಿದ್ದರೆ 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆ ಮುಟ್ಟಾಗುವ ಹೆಂಗಸರೇ, ಈ ಸಲದ ಕೊಯ್ಲು ಮುಗಿಯಲಿ ಎಂದು ಮುಂದೂಡದೆ ಒಮ್ಮೆ ರಕ್ತದ ಸಕ್ಕರೆ, ಬಿಪಿ ನೋಡಿಸಿ.

ಸ್ಕ್ಯಾನಿನ ವರದಿಯಲ್ಲಿ ಪಾಲಿಸಿಸ್ಟಿಕ್ ಓವರಿ ಎಂದಿದ್ದರೆ ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ: ‘ಇದು ಅಂಡಾಶಯದ ಚಿತ್ರ ಮಾತ್ರವೋ, ಸಿಂಡ್ರೋಮೋ? ಯಾವ ಎರಡು ಗುರುತುಗಳ ಮೇಲೆ ಹೇಳುತ್ತಿದ್ದೀರಿ?’ ಹಾಗೆ ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಉತ್ತರ ಕೊಡುವುದು ವೈದ್ಯರ ಕರ್ತವ್ಯ. ಉತ್ತರ ಸಿಗುವವರೆಗೆ ನಿಮ್ಮ ಮನೆಯ ಹುಡುಗಿಯನ್ನು ರೋಗಿ ಎಂದು ಕರೆಯಬೇಡಿ.